"ಅರ್ಥ ಆತು ಸರ": ಭೌತಶಾಸ್ತ್ರ, ರಸಾಯನಶಾಸ್ತ್ರದ ಪಾಠಕ್ಕೆ ವಿಡಿಯೊಗಳನ್ನು ಹೋಲಿಸಿ ನೋಡಿದ ಒಂದು ವರ್ಷ

ವಿಡಿಯೊ ಮುಗಿದು ಪರದೆ ಕಪ್ಪಾದ ಕೂಡಲೇ ತರಗತಿಯ ಮೂಲೆಮೂಲೆಯಿಂದ "ಅರ್ಥ ಆತು ಸರ" ಎಂಬ ದನಿ ಬರುತ್ತದೆ. ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕನಾಗಿರುವ ನಾನು ಬಹಳ ಕಾಲ ಈ ದನಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಯಾವ ವಿಡಿಯೊ ಒಳ್ಳೆಯದು, ಯಾವುದು ಅಷ್ಟಕ್ಕಷ್ಟೆ ಎಂದು ತೀರ್ಮಾನಿಸುತ್ತಿದ್ದೆ. ಕಳೆದ ಶೈಕ್ಷಣಿಕ ವರ್ಷದಲ್ಲಿ ಆ ಅಳತೆಗೋಲನ್ನು ಪಕ್ಕಕ್ಕಿಟ್ಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳ ಎರಡೆರಡು ವಿಭಾಗಗಳಲ್ಲಿ ಒಂದೇ ಪಾಠಾಂಶಕ್ಕೆ ಬೇರೆ ಬೇರೆ ಬಗೆಯ ವಿಡಿಯೊಗಳನ್ನು ತೋರಿಸಿ ಹೋಲಿಸಿ ನೋಡಿದೆ. ಕ್ರಮ ಸರಳವಾಗಿತ್ತು: ವಿಡಿಯೊಗೆ ಮೊದಲು ಒಂದು ಪ್ರಶ್ನೆ, ಮುಗಿದ ಮೇಲೆ ಅದೇ ಪ್ರಶ್ನೆ, ಎರಡು ವಾರ ಬಿಟ್ಟು ವೇಷ ಬದಲಿಸಿದ ಅದೇ ಪ್ರಶ್ನೆ, ಉತ್ತರ ಅರ್ಧ ಹಾಳೆಯಲ್ಲಿ, ಹೆಸರಿಲ್ಲದೆ, ಅಂಕವಿಲ್ಲದೆ. ಇದನ್ನು ಸಂಶೋಧನೆ ಎಂದು ಕರೆಯುವ ಧೈರ್ಯ ನನಗಿಲ್ಲ, ಏಕೆಂದರೆ ವಿಭಾಗಗಳು ಸಮಾನವಾಗಿರಲಿಲ್ಲ, ಒಮ್ಮೊಮ್ಮೆ ಪಾಠದ ನಡುವೆಯೇ ಕರೆಂಟು ಹೋಗುತ್ತಿತ್ತು, ಮತ್ತು ಎರಡನೆಯ ವಿಭಾಗಕ್ಕೆ ಹೋಗುವಷ್ಟರಲ್ಲಿ ಮೊದಲ ವಿಭಾಗದ ಮಕ್ಕಳು ಉತ್ತರವನ್ನು ಊಟದ ಸಾಲಿನಲ್ಲಿಯೇ ಹಂಚಿಬಿಟ್ಟಿರುತ್ತಿದ್ದರು. ಆದರೂ ವರ್ಷದ ಕೊನೆಗೆ ನನ್ನ ಪೆನ್‌ಡ್ರೈವ್‌ನಲ್ಲಿ ಉಳಿದದ್ದು ಜೂನ್ ತಿಂಗಳಲ್ಲಿ ನಾನು ತುಂಬಿಕೊಂಡಿದ್ದಕ್ಕಿಂತ ತೀರಾ ಬೇರೆಯಾಗಿತ್ತು.

ನಮ್ಮ ಭಾಗಕ್ಕೆ ಪರದೆಯ ಪಾಠ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ, ಉಪಗ್ರಹದ ಮೂಲಕ ಟಿವಿ ಪಾಠ ತಲುಪಿಸುವ ‘ಸೈಟ್’ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂದಾಗ, ಕರ್ನಾಟಕದ ಪಾಲಿನ ಹಳ್ಳಿಗಳು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳವು. ಆಮೇಲೆ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹ ಬಂತು, ಕೊರೊನಾ ಕಾಲದಲ್ಲಿ ಚಂದನ ವಾಹಿನಿಯ ಪಾಠಗಳು ಬಂದವು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಚೌಕಗಳು ಮೂಡಿದವು. ಅಂದರೆ ವಿಡಿಯೊ ಸಿಗುತ್ತದೆಯೇ ಎಂಬುದು ಈಗ ಪ್ರಶ್ನೆಯಲ್ಲ; ಒಂದೇ ಪಾಠಕ್ಕೆ ಹತ್ತು ವಿಡಿಯೊ ಸಿಗುವಾಗ ನಲವತ್ತು ನಿಮಿಷದ ಅವಧಿಯೊಳಗೆ ಯಾವುದಕ್ಕೆ ಜಾಗ ಕೊಡಬೇಕು ಎಂಬುದೇ ಪ್ರಶ್ನೆ.

ನಾನು ಎದುರುಬದುರು ಇಟ್ಟು ನೋಡಿದ ಬಗೆಗಳು ಹೀಗಿವೆ. ಹಲಗೆಯ ಮೇಲೆ ಬರೆಯುತ್ತ ಅಥವಾ ಚಿತ್ರ ತೋರಿಸುತ್ತ ಕನ್ನಡದಲ್ಲಿ ವಿವರಿಸುವ ಪಾಠದ ವಿಡಿಯೊ ಮೊದಲನೆಯದು. 2017ರ ಸೆಪ್ಟೆಂಬರ್ 5ರಂದು ಆರಂಭವಾದ ಸರ್ಕಾರದ ಡಿಜಿಟಲ್ ಪಾಠಗಳ ದೀಕ್ಷಾ ವೇದಿಕೆ, ಖಾನ್ ಅಕಾಡೆಮಿಯ ಕನ್ನಡ ಪಾಠಗಳು ಹಾಗೂ ಯೂಟ್ಯೂಬ್‌ನಲ್ಲಿರುವ ನಮ್ಮದೇ ಶಿಕ್ಷಕ ಮಿತ್ರರ ಅಸಂಖ್ಯ ಪಾಠಗಳು ಈ ಬಗೆಗೆ ಸೇರುತ್ತವೆ. ಹೊರದೇಶದ ವಿಜ್ಞಾನ ವಾಹಿನಿಗಳು ಚಿತ್ರಿಸಿದ ನಿಜವಾದ ಪ್ರಯೋಗಗಳು ಎರಡನೆಯವು. ಇವುಗಳ ಇಂಗ್ಲಿಷ್ ದನಿಯನ್ನು ಮುಚ್ಚಿ, ಮಾತನ್ನು ನಾನೇ ಆಡುತ್ತಿದ್ದೆ. ಅಣು, ಪರಮಾಣು, ಎಲೆಕ್ಟ್ರಾನುಗಳನ್ನು ಕುಣಿಸುವ ಅನಿಮೇಶನ್ ಮೂರನೆಯದು. ನಾಲ್ಕನೆಯದು ವಿಡಿಯೊವೇ ಅಲ್ಲ, ಆದರೆ ಅದರ ಜಾಗಕ್ಕೆ ಪೈಪೋಟಿ ಮಾಡುವಂಥದ್ದು: ಮಕ್ಕಳೇ ಪರದೆಯ ಮೇಲೆ ಬದಲಿಸಿ ನೋಡಬಹುದಾದ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು. ಕೊನೆಯದು ನಾವೇ ಶಾಲೆಯ ಅಂಗಳದಲ್ಲಿ ಫೋನಿನಿಂದ ತೆಗೆದ ವಿಡಿಯೊ. ಇವೆಲ್ಲಕ್ಕೂ ಎದುರಾಗಿ, ಪ್ರಯೋಗಾಲಯದ ಕಪಾಟಿನಲ್ಲಿ ಉಳಿದಿರುವ ಪ್ರನಾಳ, ಸ್ಪಿರಿಟ್ ದೀಪ, ಟಾರ್ಚ್ ಬಲ್ಬುಗಳಿಂದ ಮಾಡುವ ಪ್ರಯೋಗ ಇದ್ದೇ ಇತ್ತು.

ಕನ್ನಡದಲ್ಲಿ ವಿವರಿಸುವ ವಿಡಿಯೊದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ನಿರೀಕ್ಷೆ ಅತಿ ಹೆಚ್ಚಾಗಿದ್ದುದೂ, ನಿರಾಸೆ ಅತಿ ಹೆಚ್ಚಾದುದೂ ಇಲ್ಲಿಯೇ. ಒಂಬತ್ತನೆಯ ತರಗತಿಯ ಬಲ ಮತ್ತು ಚಲನೆಯ ಪಾಠಕ್ಕೆ ನಾನು ಕೇಳಿದ ಪ್ರಶ್ನೆ ಇದು: ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದಿದ್ದೇವೆ, ಅದು ಕೈಬಿಟ್ಟು ಇನ್ನೂ ಮೇಲೇರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳು ವರ್ತಿಸುತ್ತಿವೆ? ಗಾಳಿಯ ತಡೆಯನ್ನು ಬಿಟ್ಟರೆ ಭೂಮಿಯ ಸೆಳೆತವೊಂದೇ ಎಂಬುದು ಸರಿಯುತ್ತರ. ಆದರೆ ಬಹುಪಾಲು ಮಕ್ಕಳು ಮೇಲ್ಮುಖವಾಗಿ ಒಂದು ದೊಡ್ಡ ಬಾಣ ಬರೆದು "ಕೈ ಕೊಟ್ಟ ಬಲ" ಎಂದು ಬರೆದಿದ್ದರು. ಹತ್ತು ನಿಮಿಷದ, ಉಚ್ಚಾರ ಸ್ಪಷ್ಟವಾಗಿದ್ದ, ಚಿತ್ರಗಳು ಅಚ್ಚುಕಟ್ಟಾಗಿದ್ದ ಒಂದು ವಿಡಿಯೊವನ್ನು ತೋರಿಸಿದೆ. ನನಗೇ ಮೆಚ್ಚುಗೆಯಾದ ವಿವರಣೆ ಅದು. ಮಕ್ಕಳು ತಲೆದೂಗಿದರು, "ಅರ್ಥ ಆತು" ಎಂದರು, ಮತ್ತೆ ಹಾಳೆ ಕೊಟ್ಟಾಗ ಅದೇ ಮೇಲ್ಮುಖ ಬಾಣವನ್ನು ಮೊದಲಿಗಿಂತ ದಪ್ಪಗೆ ಬರೆದರು. ಒಬ್ಬ ಹುಡುಗನಂತೂ "ವಿಡಿಯೊದಾಗ ಹಂಗ ಹೇಳ್ಯಾರಲ್ಲ ಸರ" ಎಂದು ನನ್ನೊಡನೆ ವಾದಕ್ಕೇ ಇಳಿದ. ವಿಡಿಯೊದಲ್ಲಿ ಹೇಳಿದ್ದು ಅದಕ್ಕೆ ನೇರ ವಿರುದ್ಧವಾದದ್ದು.

ಇದು ನಮ್ಮ ಮಕ್ಕಳ ದೌರ್ಬಲ್ಯ ಎಂದುಕೊಂಡು ಸುಮ್ಮನಾಗಿದ್ದೆ. ಆದರೆ ವೆರಿಟೇಸಿಯಮ್ ಎಂಬ ಪ್ರಸಿದ್ಧ ಯೂಟ್ಯೂಬ್ ವಿಜ್ಞಾನ ವಾಹಿನಿಯನ್ನು ಕಟ್ಟಿದ ಡೆರೆಕ್ ಮುಲ್ಲರ್, ವಾಹಿನಿ ಆರಂಭಿಸುವ ಮೊದಲು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡಿದವರು. ಅವರ ಪ್ರಬಂಧ ಮುಗಿದದ್ದು 2008ರಲ್ಲಿ. ಮೇಲೆಸೆದ ಚೆಂಡಿನಂಥ ಪ್ರಶ್ನೆಗಳನ್ನೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೇಳಿ, ಸ್ಪಷ್ಟವಾದ ವಿವರಣೆಯ ವಿಡಿಯೊ ತೋರಿಸಿ ಅವರು ನೋಡಿದಾಗ, 26 ಅಂಕಗಳಲ್ಲಿ ಸರಾಸರಿ 6.0 ಇದ್ದದ್ದು 6.3ಕ್ಕೆ ಏರಿತ್ತು, ಅಷ್ಟೆ. ವಿದ್ಯಾರ್ಥಿಗಳ ಆತ್ಮವಿಶ್ವಾಸ ಮಾತ್ರ ಹೆಚ್ಚಿತ್ತು. ಅದೇ ವಿಷಯವನ್ನು, ಸಾಮಾನ್ಯವಾಗಿ ಇರುವ ತಪ್ಪು ಕಲ್ಪನೆಯನ್ನು ಒಬ್ಬರು ಮೊದಲು ಆಡಿ, ಇನ್ನೊಬ್ಬರು ಅದನ್ನು ಪ್ರಶ್ನಿಸುವ ಸಂಭಾಷಣೆಯ ರೂಪದಲ್ಲಿ ತೋರಿಸಿದಾಗ ಸರಾಸರಿ 11ರ ಹತ್ತಿರ ಹೋಯಿತು. ಆದರೆ ಆ ವಿಡಿಯೊ ನೋಡಿದವರು ಅದು ಗೊಂದಲಮಯವಾಗಿದೆ, ತಲೆಗೆ ಹೆಚ್ಚು ಕೆಲಸ ಕೊಡುತ್ತದೆ ಎಂದು ದೂರಿದ್ದರು. ಮಕ್ಕಳಿಗೆ ಹಿತವೆನಿಸುವ ವಿಡಿಯೊವೂ ಮಕ್ಕಳಿಗೆ ಕಲಿಸುವ ವಿಡಿಯೊವೂ ಒಂದೇ ಎಂದು ನಂಬಿ ಸಿಕ್ಕಿಬಿದ್ದವನು ನಾನೊಬ್ಬನೇ ಅಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಹಾಗಾಗಿ ಇನ್ನೊಂದು ವಿಭಾಗದಲ್ಲಿ ಅದೇ ಕನ್ನಡ ವಿಡಿಯೊವನ್ನು ಬೇರೆ ರೀತಿಯಲ್ಲಿ ಬಳಸಿದೆ. ಮೊದಲು ಮಕ್ಕಳು ಬರೆದ ಬಾಣಗಳಲ್ಲಿ ನಾಲ್ಕು ಬಗೆಯವನ್ನು ಹೆಸರು ಹೇಳದೆ ಹಲಗೆಯ ಮೇಲೆ ಎಳೆದು, ಯಾವುದು ಸರಿ ಎಂದು ಕೈ ಎತ್ತಿಸಿದೆ. ಕೈಬಿಟ್ಟ ಮೇಲೂ ಕೈಯ ಬಲ ಚೆಂಡಿನ ಮೇಲೆ ಹೇಗೆ ಇದ್ದೀತು ಎಂದು ಅವರವರಲ್ಲಿಯೇ ಜಗಳ ಹಚ್ಚಿದೆ. ಆಮೇಲೆ ವಿಡಿಯೊದ ಹತ್ತು ನಿಮಿಷಗಳಲ್ಲಿ ಬೇಕಾದ ಎರಡೂವರೆ ನಿಮಿಷವನ್ನು ಮಾತ್ರ ತೋರಿಸಿದೆ. ಎರಡು ವಾರದ ಅನಂತರ ಚೆಂಡಿನ ಬದಲು ಬಾವಿಯಿಂದ ಮೇಲಕ್ಕೆ ಎಸೆದ ಕಲ್ಲಿನ ಪ್ರಶ್ನೆ ಕೊಟ್ಟಾಗ, ಈ ವಿಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೇಲ್ಮುಖ ಬಾಣವನ್ನು ಕೈಬಿಟ್ಟಿದ್ದರು. ಮೊದಲ ವಿಭಾಗದಲ್ಲಿ ಕೈಬಿಟ್ಟವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ವಿಡಿಯೊ ಎರಡೂ ಕಡೆ ಅದೇ. ಬದಲಾದದ್ದು ಅದರ ಹಿಂದೆ ಏನಿತ್ತು ಮತ್ತು ಅದನ್ನು ಎಲ್ಲಿ ನಿಲ್ಲಿಸಲಾಯಿತು ಎಂಬುದು.

ಪಾರಿಭಾಷಿಕ ಪದಗಳ ವಿಚಾರದಲ್ಲಿ ವಿವರಣೆಯ ವಿಡಿಯೊಗಳು ಇನ್ನೊಂದು ತೊಡಕನ್ನು ತರುತ್ತವೆ. ಪಠ್ಯಪುಸ್ತಕದಲ್ಲಿ ವೇಗೋತ್ಕರ್ಷ, ವಿಭವಾಂತರ, ಸ್ಥಾನಪಲ್ಲಟ ಎಂದಿದ್ದರೆ ವಿಡಿಯೊ ಮಾಡಿದವರು ಆಕ್ಸಿಲರೇಶನ್, ವೋಲ್ಟೇಜ್, ಡಿಸ್‌ಪ್ಲೇಸ್‌ಮೆಂಟ್ ಎನ್ನುತ್ತಾರೆ. ಇದರಲ್ಲಿ ಕೊನೆಯ ಪದ ರಸಾಯನಶಾಸ್ತ್ರದಲ್ಲಿ ಒಂದು ಲೋಹ ಇನ್ನೊಂದರ ಜಾಗ ಹಿಡಿಯುವ ಕ್ರಿಯೆಯೂ ಭೌತಶಾಸ್ತ್ರದಲ್ಲಿ ಸ್ಥಾನಾಂತರವೂ ಆಗಿರುವುದರಿಂದ ಒಂದು ಹುಡುಗಿ ಕಬ್ಬಿಣದ ಮೊಳೆ ತಾಮ್ರದ ಸಲ್ಫೇಟ್‌ನಲ್ಲಿ ಎಷ್ಟು ಮೀಟರ್ ಸರಿಯಿತು ಎಂದು ಕೇಳಿದ್ದುಂಟು. ಆದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ನಮ್ಮ ಮಕ್ಕಳಿಗೆ ಮರುವರ್ಷವೇ ಪಾಠವೆಲ್ಲ ಇಂಗ್ಲಿಷಿನಲ್ಲಿ ಎದುರಾಗುವುದರಿಂದ, ಎರಡೂ ಪದಗಳನ್ನು ಹಲಗೆಯ ಒಂದು ಬದಿಯಲ್ಲಿ ಜೋಡಿಯಾಗಿ ಬರೆದಿಡುವುದು ಈ ತೊಡಕಿಗೆ ಪರಿಹಾರವೂ ಆಯಿತು, ಲಾಭವೂ ಆಯಿತು.

ಎರಡನೆಯ ಬಗೆ, ಅಂದರೆ ದನಿ ಮುಚ್ಚಿದ ಪ್ರಯೋಗದ ವಿಡಿಯೊ, ಭೌತಶಾಸ್ತ್ರದಲ್ಲಿ ನನ್ನನ್ನು ಬೆರಗುಗೊಳಿಸಿತು. ಸ್ಲಿಂಕಿ ಎಂಬ ಸುರುಳಿ ಸ್ಪ್ರಿಂಗನ್ನು ಮೇಲಿನ ತುದಿಯಲ್ಲಿ ಹಿಡಿದು ತೂಗುಬಿಟ್ಟು, ಅದು ಅಲುಗಾಡದೆ ನಿಂತ ಮೇಲೆ ಕೈಬಿಟ್ಟರೆ, ಕೆಳಗಿನ ತುದಿ ತಕ್ಷಣ ಬೀಳುವುದಿಲ್ಲ. ಮೇಲಿನ ಸುರುಳಿಗಳು ಕುಸಿಯುತ್ತ ಬಂದು ತನ್ನನ್ನು ಮುಟ್ಟುವವರೆಗೆ ಅದು ಗಾಳಿಯಲ್ಲಿ ನಿಂತೇ ಇರುತ್ತದೆ. ಮುಲ್ಲರ್ ಅವರ ವಾಹಿನಿಯಲ್ಲಿ ಇದರ ನಿಧಾನಗತಿಯ ಚಿತ್ರೀಕರಣವಿದೆ. ಕೈಬಿಡುವ ಕ್ಷಣದಲ್ಲಿ ನಿಲ್ಲಿಸಿ, ಮೇಲಿನ ತುದಿ, ಕೆಳಗಿನ ತುದಿ, ನಡುಭಾಗ, ಯಾವುದು ಮೊದಲು ಚಲಿಸುತ್ತದೆ ಎಂದು ಬರೆಯಿಸಿ, ಮುಂದಕ್ಕೆ ಓಡಿಸಿದಾಗ ಹಿಂದಿನ ಬೆಂಚಿನಿಂದ "ಸರ, ಕೆಳಗಿನ ತುದಿ ಯಾಕ ಬೀಳವಲ್ದು?" ಎಂಬ ಪ್ರಶ್ನೆ ಬಂತು. ಉತ್ತರ ಹೇಳುವ ದನಿ ವಿಡಿಯೊದಲ್ಲಿ ಇಲ್ಲದಿದ್ದುದರಿಂದಲೇ ಆ ಪ್ರಶ್ನೆ ಬಂತೆಂದು ನನ್ನ ನಂಬಿಕೆ. ಕೆಳಗಿನ ಸುರುಳಿಯನ್ನು ಭೂಮಿ ಎಳೆಯುವಷ್ಟೇ ಬಲದಿಂದ ಮೇಲಿನ ಸುರುಳಿಗಳು ಮೇಲಕ್ಕೆ ಎಳೆಯುತ್ತಿರುತ್ತವೆ. ಕೈಬಿಟ್ಟ ಸುದ್ದಿ ಸ್ಪ್ರಿಂಗಿನ ಗುಂಟ ಅಲೆಯಾಗಿ ಇಳಿದು ಬರುವವರೆಗೆ ಆ ಸಮತೋಲ ಕೆಡುವುದಿಲ್ಲ. ಇಡೀ ಸ್ಪ್ರಿಂಗಿನ ದ್ರವ್ಯರಾಶಿ ಕೇಂದ್ರ ಮಾತ್ರ ಕೈಬಿಟ್ಟ ಗಳಿಗೆಯಿಂದಲೇ ಗುರುತ್ವದ ವೇಗೋತ್ಕರ್ಷದಲ್ಲಿ ಬೀಳುತ್ತಿರುತ್ತದೆ.

ಆದರೆ ಹೋಲಿಕೆಗೆಂದು ಜಾತ್ರೆಯಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಸ್ಪ್ರಿಂಗ್ ತಂದು, ಬೆಂಚಿನ ಮೇಲೆ ನಿಂತು ಕೈಬಿಟ್ಟು, ನನ್ನ ಫೋನಿನ ನಿಧಾನಗತಿಯ ಕ್ಯಾಮೆರಾದಲ್ಲಿ ತೆಗೆದು ತೋರಿಸಿದಾಗ ಆದ ಗದ್ದಲದ ಮುಂದೆ ಹೊರದೇಶದ ವಿಡಿಯೊ ಮಂಕಾಯಿತು. ಚಿತ್ರ ಅಷ್ಟು ಚೊಕ್ಕವಾಗಿರಲಿಲ್ಲ, ಹಿನ್ನೆಲೆಯಲ್ಲಿ ನಮ್ಮದೇ ಕಪಾಟು, ನಮ್ಮದೇ ಸವೆದ ಹಲಗೆ; ಬಹುಶಃ ಅದರಿಂದಲೇ ಮಕ್ಕಳು ಅದನ್ನು ನಂಬಿದರು. ಮೊದಲ ವಿಡಿಯೊ ನೋಡಿದಾಗ "ಅದು ಎಡಿಟಿಂಗ್" ಎಂದಿದ್ದ ಇಬ್ಬರು ಬಾಯಿ ಮುಚ್ಚಿದರು.

ಯಾವ ಶಾಲೆಯ ಅಂಗಳದಲ್ಲಿಯೂ ತೆಗೆಯಲಾಗದ ವಿಡಿಯೊವೂ ಒಂದಿದೆ. ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ 1971ರ ಆಗಸ್ಟ್ 2ರಂದು ಚಂದ್ರನ ಮೇಲೆ ನಿಂತು 1.32 ಕಿಲೋಗ್ರಾಂ ತೂಗುವ ಸುತ್ತಿಗೆಯನ್ನೂ ಒಂದು ಡೇಗೆ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟ ಆ ಚಿತ್ರ ಮಸುಕಾಗಿದೆ, ಒಂದು ನಿಮಿಷವೂ ಇಲ್ಲ. ಎರಡೂ ಒಟ್ಟಿಗೆ ನೆಲ ಮುಟ್ಟುತ್ತವೆ ಎಂಬುದನ್ನು ನೋಡಿ ಮುಗಿಸುವುದರ ಬದಲು, ಬೀಳಲು ಎಷ್ಟು ಹೊತ್ತು ಹಿಡಿಯಿತು ಎಂದು ಮಕ್ಕಳಿಂದ ಅಳೆಯಿಸಿ, ಎತ್ತರವನ್ನು ಅಂದಾಜು ಮಾಡಿಸಿ, ಚಂದ್ರನ ಮೇಲಿನ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿಸಿದೆ. ಭೂಮಿಯಲ್ಲಿ 1.6 ಮೀಟರ್ ಬೀಳಲು ಸುಮಾರು 0.57 ಸೆಕೆಂಡು ಸಾಕು. ಚಂದ್ರನಲ್ಲಿ ಸುಮಾರು 1.4 ಸೆಕೆಂಡು ಬೇಕು. ಮಕ್ಕಳಿಗೆ ಬಂದ ಉತ್ತರಗಳು 1.3ರಿಂದ 2ರವರೆಗೆ ಹರಡಿದ್ದವು. ನಿಜವಾದ ಬೆಲೆ 1.6ರಷ್ಟು. ಐವತ್ತು ವರ್ಷ ದಾಟಿದ ಈ ಮಸುಕು ಚಿತ್ರದಿಂದ ಇಷ್ಟು ಕೆಲಸ ತೆಗೆಯಬಹುದೆಂದು ನಾನು ಮೊದಲು ಎಣಿಸಿರಲಿಲ್ಲ.

ಇಲ್ಲಿಂದ ಮುಂದಿನ ಹೆಜ್ಜೆ ನಾವೇ ತೆಗೆದ ವಿಡಿಯೊವನ್ನು ಅಳತೆಯ ಉಪಕರಣವಾಗಿ ಬಳಸುವುದು. ಇದಕ್ಕೆ ಎರಡು ಪೂರ್ಣ ಅವಧಿಗಳು ಹೋದವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆಯ ಮೇಲೆ ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣದ ಟೇಪು ಅಂಟಿಸಿ, ಎರಡು ಮೀಟರ್ ಎತ್ತರದಿಂದ ರಬ್ಬರ್ ಚೆಂಡನ್ನು ಬಿಟ್ಟು, ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವೇಗದಲ್ಲಿ ತೆಗೆದೆವು. ಕೋಣೆಯೊಳಗೆ ತೆಗೆದ ಮೊದಲ ವಿಡಿಯೊ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಅರ್ಧ ಸೆಕೆಂಡು ಬಿದ್ದ ಚೆಂಡು ಎರಡು ಚಿತ್ರಗಳ ನಡುವೆ ಸುಮಾರು 16 ಸೆಂಟಿಮೀಟರ್ ಸಾಗಿರುತ್ತದೆ, ಮಂದ ಬೆಳಕಿನಲ್ಲಿ ಅದು ಚೆಂಡಾಗಿ ಕಾಣದೆ ಉದ್ದನೆಯ ಕಲೆಯಾಗಿ ಕಾಣುತ್ತದೆ. ಬೆಳಗಿನ ಬಿಸಿಲಿಗೆ ಹೊರಗಿನ ಗೋಡೆಯ ಮುಂದೆ, ಫೋನನ್ನು ನಾಲ್ಕು ಮೀಟರ್ ದೂರದಲ್ಲಿ, ಗೋಡೆಯ ಗುರುತುಗಳ ನಡುಮಟ್ಟಕ್ಕೆ ಇಟ್ಟು ತೆಗೆದಾಗ ಚೆಂಡು ಚೆಂಡಾಗಿಯೇ ಬಂತು. ಆಮೇಲೆ ವಿಎಲ್‌ಸಿ ತಂತ್ರಾಂಶದಲ್ಲಿ ಇಂಗ್ಲಿಷ್‌ನ ಇ ಅಕ್ಷರದ ಕೀಲಿಯನ್ನು ಒತ್ತುತ್ತ ಹೋದರೆ ವಿಡಿಯೊ ಒಂದೊಂದೇ ಚಿತ್ರವಾಗಿ ಮುಂದೆ ಸರಿಯುತ್ತದೆ. ಮೂರು ಚಿತ್ರಕ್ಕೊಮ್ಮೆ, ಅಂದರೆ 0.1 ಸೆಕೆಂಡಿಗೊಮ್ಮೆ, ಚೆಂಡು ಎಲ್ಲಿದೆ ಎಂದು ಬರೆದುಕೊಂಡೆವು. ಸಿದ್ಧಾಂತದಂತೆ ಆ ಸ್ಥಾನಗಳು ಸುಮಾರು 5, 20, 44, 78, 122 ಸೆಂಟಿಮೀಟರ್ ಆಗಬೇಕು. ಮಕ್ಕಳ ಅಳತೆ ಎರಡು ಮೂರು ಸೆಂಟಿಮೀಟರ್ ಆಚೀಚೆ ಇತ್ತು. ಅನುಕ್ರಮ ವ್ಯತ್ಯಾಸಗಳನ್ನು ತೆಗೆದಾಗ ಅವು 1, 3, 5, 7, 9 ಎಂಬ ಬೆಸಸಂಖ್ಯೆಗಳ ಪ್ರಮಾಣದಲ್ಲಿ ಬರುತ್ತವೆ. ಗೆಲಿಲಿಯೊ ಇಳಿಜಾರಿನ ಹಲಗೆಯ ಮೇಲೆ ಗುಂಡು ಉರುಳಿಸಿ ಕಂಡುಕೊಂಡದ್ದು ಇದನ್ನೇ. ಆ ಪ್ರಮಾಣವನ್ನು ಗಣಿತದಲ್ಲಿ ಸದಾ ಹಿಂದುಳಿಯುವ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಗುರುತಿಸಿದಳು. ಪಾಠಕ್ರಮ ಒಂದು ವಾರ ಹಿಂದೆ ಬಿತ್ತು, ಎಫ್‌ಎ ಎಂಬ ಕಿರುಪರೀಕ್ಷೆ ತಲೆಯ ಮೇಲಿತ್ತು. ಆದರೂ ಭೌತಶಾಸ್ತ್ರದ ಮಟ್ಟಿಗೆ ಈ ವರ್ಷದ ನನ್ನ ಅತ್ಯುತ್ತಮ ವಿಡಿಯೊ ಯಾವುದೆಂದು ಕೇಳಿದರೆ ದನಿಯಿಲ್ಲದ, ಎರಡು ಸೆಕೆಂಡಿನ ಈ ಚೆಂಡಿನ ವಿಡಿಯೊವನ್ನೇ ತೋರಿಸುತ್ತೇನೆ.

ವಿದ್ಯುಚ್ಛಕ್ತಿಯ ಪಾಠದಲ್ಲಿ ಪೈಪೋಟಿ ಅನಿಮೇಶನ್ ಮತ್ತು ಸಿಮ್ಯುಲೇಶನ್ ನಡುವೆ ಇತ್ತು. ತಂತಿಯೊಳಗೆ ಎಲೆಕ್ಟ್ರಾನುಗಳು ಗುಂಡುಗಳಂತೆ ರಭಸದಿಂದ ಓಡಿ, ಬಲ್ಬಿನಲ್ಲಿ ಶಕ್ತಿಯನ್ನು ಇಳಿಸಿ, ಸೊರಗಿ ಹಿಂದಿರುಗುವ ಒಂದು ಅನಿಮೇಶನ್ ಅನ್ನು ಮಕ್ಕಳು ಬಹಳ ಇಷ್ಟಪಟ್ಟರು, ಮತ್ತು ಅದನ್ನು ನೋಡಿದ ಮೇಲೆ, ಸರಣಿಯಲ್ಲಿರುವ, ಅಂದರೆ ಒಂದರ ಹಿಂದೊಂದು ಜೋಡಿಸಿದ, ಎರಡು ಬಲ್ಬುಗಳಲ್ಲಿ ಮೊದಲನೆಯದು ಹೆಚ್ಚು ಪ್ರಕಾಶಿಸುತ್ತದೆ, ಏಕೆಂದರೆ ಪ್ರವಾಹವನ್ನು ಅದು ತಿಂದುಬಿಡುತ್ತದೆ ಎಂದು ಮೊದಲಿಗಿಂತ ಹೆಚ್ಚು ಮಂದಿ ಬರೆದರು. ನಿಜದಲ್ಲಿ ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಪ್ರವಾಹವಿದ್ದರೆ ಎಲೆಕ್ಟ್ರಾನುಗಳ ಸರಾಸರಿ ಸಾಗುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವೂ ಇಲ್ಲ. ಒಂದು ಮೀಟರ್ ದಾಟಲು ಮೂರೂವರೆ ಗಂಟೆಗಿಂತ ಹೆಚ್ಚು ಬೇಕು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್‌ನ ವಿದ್ಯುತ್ ಮಂಡಲದ ಸಿಮ್ಯುಲೇಶನ್‌ನಲ್ಲಿ ಮಕ್ಕಳೇ ತಂತಿ ಜೋಡಿಸಬಹುದು, ಅಮ್ಮೀಟರನ್ನು ಬಲ್ಬಿನ ಹಿಂದೆಯೂ ಮುಂದೆಯೂ ಇಟ್ಟು ಒಂದೇ ಅಂಕಿಯನ್ನು ಓದಬಹುದು. ಕಡತವನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ನಮ್ಮಂಥ ಕಡೆ ಇದು ಸಣ್ಣ ಮಾತಲ್ಲ.

ಹಾಗಿದ್ದರೂ ಸಿಮ್ಯುಲೇಶನ್‌ಗೆ ಮೊದಲ ಸ್ಥಾನ ಕೊಡಲು ನನಗೆ ಮನಸ್ಸಿಲ್ಲ. ಅಲ್ಲಿನ ಎರಡು ಬಲ್ಬುಗಳು ಒಂದನ್ನೊಂದು ಹೋಲುವಷ್ಟು ನಮ್ಮ ಅಂಗಡಿಯ ಎರಡು ಟಾರ್ಚ್ ಬಲ್ಬುಗಳು ಹೋಲುವುದಿಲ್ಲ. ನಿಜವಾದ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದಾಗ ಒಂದು ತುಸು ಹೆಚ್ಚು ಬೆಳಗಿತು, "ನೋಡ್ರಿ, ಮೊದಲಿಂದು ತಿಂತು" ಎಂಬ ಕೂಗೂ ಎದ್ದಿತು. ಬಲ್ಬುಗಳ ಜಾಗ ಅದಲು ಬದಲು ಮಾಡಿ ಎಂದೆ. ಹೆಚ್ಚು ಬೆಳಗುವ ಬಲ್ಬು ಎಲ್ಲಿ ಇಟ್ಟರೂ ಹೆಚ್ಚೇ ಬೆಳಗಿತು. ಅಂದರೆ ವ್ಯತ್ಯಾಸ ಬಲ್ಬಿನದು, ಜಾಗದ್ದಲ್ಲ. ಈ ಅದಲುಬದಲಿನಷ್ಟು ಗಟ್ಟಿಯಾದ ಪಾಠವನ್ನು ಪರದೆಯ ಯಾವ ವಸ್ತುವೂ ಕೊಡಲಿಲ್ಲ. ಆದ್ದರಿಂದ ಈಗ ಬಲ್ಬು ಮೊದಲು, ಸಿಮ್ಯುಲೇಶನ್ ಆಮೇಲೆ, ಓಡುವ ಎಲೆಕ್ಟ್ರಾನಿನ ಅನಿಮೇಶನ್ ಇಲ್ಲವೇ ಇಲ್ಲ.

ರಸಾಯನಶಾಸ್ತ್ರಕ್ಕೆ ಬಂದಾಗ ಲೆಕ್ಕಾಚಾರ ತಲೆಕೆಳಗಾಯಿತು. ಭೌತಶಾಸ್ತ್ರದಲ್ಲಿ ಕಣ್ಣಿಗೆ ಸಿಗದಷ್ಟು ವೇಗವಾದದ್ದನ್ನು ವಿಡಿಯೊ ಹಿಡಿದುಕೊಡುತ್ತದೆ. ರಸಾಯನಶಾಸ್ತ್ರದಲ್ಲಿ ಮೂಗಿಗೂ ಚರ್ಮಕ್ಕೂ ಸಿಗುವುದನ್ನು ಅದು ಕಸಿದುಕೊಳ್ಳುತ್ತದೆ. ಹತ್ತನೆಯ ತರಗತಿಯ ಮೊದಲ ಪಾಠದಲ್ಲಿ ಸುಣ್ಣದ ಹರಳಿಗೆ ನೀರು ಹಾಕುವ ಚಟುವಟಿಕೆ ಇದೆ. ವಿಡಿಯೊದಲ್ಲಿ ಅದು ಬಿಳಿಯ ಪುಡಿ ಕದಡುವ ನೀರಸ ದೃಶ್ಯ. "ಇಲ್ಲಿ ಉಷ್ಣ ಬಿಡುಗಡೆಯಾಗುತ್ತದೆ" ಎಂದು ಹಿನ್ನೆಲೆಯ ದನಿ ಹೇಳಿದ್ದನ್ನು ಮಕ್ಕಳು ನೋಟ್ಸಿನಲ್ಲಿ ಬರೆದುಕೊಂಡು ಮುಗಿಸಿದರು. ಬೀಕರಿನ ಹೊರಗೋಡೆಯನ್ನು ಒಬ್ಬೊಬ್ಬರೂ ಮುಟ್ಟಿ ಕೈ ಹಿಂದೆಗೆದುಕೊಂಡ ಇನ್ನೊಂದು ವಿಭಾಗದಲ್ಲಿ ಬಹಿರುಷ್ಣಕ ಎಂಬ ಪದವನ್ನು ಮತ್ತೆ ಹೇಳಿಕೊಡಬೇಕಾಗಲಿಲ್ಲ. ಕಣ್ಣಿಗೆ ಸಿಡಿಯದಂತೆ ಸಣ್ಣ ಹರಳು, ತಣ್ಣೀರು, ಸ್ವಲ್ಪ ದೂರ, ಇಷ್ಟು ಎಚ್ಚರ ಸಾಕು. ಇಂಥದ್ದಕ್ಕೆ ವಿಡಿಯೊ ತೋರಿಸುವುದು ಎದುರಿಗೇ ಊಟವಿಟ್ಟುಕೊಂಡು ಊಟದ ಚಿತ್ರ ನೋಡಿದಂತೆ.

ಬಣ್ಣದ ವಿಚಾರದಲ್ಲಿ ನಾನೇ ಒಮ್ಮೆ ಎಡವಿದೆ. ಅರಿಶಿನದ ಕಾಗದಕ್ಕೆ ಸಾಬೂನಿನ ನೀರು ಹಾಕಿ ಕೆಂಪಾಗುವುದನ್ನು ಫೋನಿನಲ್ಲಿ ತೆಗೆದು ಪ್ರೊಜೆಕ್ಟರಿನಲ್ಲಿ ತೋರಿಸಿದಾಗ ಪರದೆಯ ಮೇಲೆ ಕಂಡದ್ದು ಹಳದಿಯಿಂದ ಮಣ್ಣಿನ ಬಣ್ಣಕ್ಕೆ ತಿರುಗುವ ಏನೋ ಒಂದು. ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದಿಕೊಳ್ಳುತ್ತದೆ, ಹಳೆಯ ಪ್ರೊಜೆಕ್ಟರು ಕೆಂಪನ್ನು ಇನ್ನಷ್ಟು ತಿನ್ನುತ್ತದೆ, ಕಿಟಕಿಯಿಂದ ಬರುವ ರಾಯಚೂರಿನ ಬಿಸಿಲು ಉಳಿದದ್ದನ್ನು ಅಳಿಸುತ್ತದೆ. ಸೂಚಕಗಳ ಬಣ್ಣ, ಫೆರಸ್ ಸಲ್ಫೇಟ್ ಹರಳಿನ ತಿಳಿಹಸಿರು ಕಾಯಿಸಿದಾಗ ಬದಲಾಗುವುದು, ಇವನ್ನು ಪರದೆಯ ಮೇಲೆ ನಂಬಬಾರದು. ಅನಿವಾರ್ಯವಾದರೆ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನೂ ಬಣ್ಣ ಬದಲಾಗದ ಮೂಲ ಮಾದರಿಯನ್ನೂ ಇಟ್ಟು ತೆಗೆಯಬೇಕು. ಆಗ ಬಣ್ಣ ತಪ್ಪಿದರೂ ವ್ಯತ್ಯಾಸ ಉಳಿಯುತ್ತದೆ. ಮೆಗ್ನೀಸಿಯಂ ಪಟ್ಟಿ ಉರಿಯುವುದೂ ಹೀಗೆಯೇ: ವಿಡಿಯೊದಲ್ಲಿ ಅದು ಪರದೆಯನ್ನೆಲ್ಲ ಬೆಳ್ಳಗಾಗಿಸುವ ಒಂದು ಮಚ್ಚೆ. ನಿಜದಲ್ಲಿ ಅದನ್ನು ನೇರವಾಗಿ ದಿಟ್ಟಿಸಬಾರದು, ಆದರೆ ಎದುರಿನ ಗೋಡೆಯ ಮೇಲೆ ಬಿದ್ದ ಅದರ ಬೆಳಕನ್ನೂ ಮಕ್ಕಳ ನೆರಳನ್ನೂ ನೋಡಿದರೆ ಸಾಕು.

ಹಾಗಾದರೆ ರಸಾಯನಶಾಸ್ತ್ರದ ವಿಡಿಯೊ ಯಾವುದಕ್ಕೆ ಎಂದರೆ, ಮಾಡಬಾರದ ಪ್ರಯೋಗಗಳಿಗೆ. ಸೀಸದ ನೈಟ್ರೇಟನ್ನು ಕಾಯಿಸಿ ನೈಟ್ರೋಜನ್ ಡೈಆಕ್ಸೈಡಿನ ಕಂದು ಹೊಗೆ ಬರಿಸುವ ಚಟುವಟಿಕೆ ಪಠ್ಯದಲ್ಲಿದೆ. ಗಾಳಿಯಾಡದ ಕೋಣೆಯಲ್ಲಿ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಆ ವಿಷಾನಿಲವನ್ನು ಬಿಡುವ ಧೈರ್ಯ ನನಗಿಲ್ಲ. ಅದೇ ಸೀಸದ ನೈಟ್ರೇಟಿಗೆ ಪೊಟ್ಯಾಶಿಯಂ ಅಯೋಡೈಡ್ ಸೇರಿಸಿದಾಗ ಬೀಳುವ ಹಳದಿ ಪ್ರಕ್ಷೇಪವನ್ನು ಬಿಸಿನೀರಿನಲ್ಲಿ ಕರಗಿಸಿ ತಣಿಸಿದರೆ ಚಿನ್ನದ ಹುಡಿಯಂತೆ ಮತ್ತೆ ಇಳಿಯುವ ದೃಶ್ಯ ಕಣ್ಣಿಗೆ ಹಬ್ಬ, ಆದರೆ ಸೀಸ ಬೆರೆತ ನೀರನ್ನು ಕೊನೆಗೆ ಎಲ್ಲಿ ಚೆಲ್ಲುವುದು? ಇವೆರಡಕ್ಕೂ ನಾನು ವಿಡಿಯೊವನ್ನೇ ಉಳಿಸಿಕೊಂಡಿದ್ದೇನೆ. ಧಾತುಗಳ ಪರಿಚಯಕ್ಕೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪೀರಿಯಾಡಿಕ್ ವಿಡಿಯೊಸ್ ಸರಣಿಗೆ ಸಮನಾದದ್ದನ್ನು ನಾನು ಕಂಡಿಲ್ಲ. ಪ್ರೊಫೆಸರ್ ಮಾರ್ಟಿನ್ ಪೊಲಿಯಾಕಾಫ್ ಮತ್ತು ಸಂಗಡಿಗರೊಂದಿಗೆ ಬ್ರೇಡಿ ಹರನ್ 2008ರಲ್ಲಿ ಎಲ್ಲ 118 ಧಾತುಗಳಿಗೂ ಒಂದೊಂದು ವಿಡಿಯೊ ಮಾಡಿದರು. ಪ್ರೊಫೆಸರರ ಕೆದರಿದ ಬಿಳಿಗೂದಲನ್ನು ನೋಡಿ ಮೊದಲ ಎರಡು ನಿಮಿಷ ತರಗತಿ ನಕ್ಕಿತು. ಆ ನಗುವೂ ವಿಡಿಯೊದ ಲಾಭದಲ್ಲಿಯೇ ಸೇರಲಿ.

ಸೋಡಿಯಂ, ಸೀಸಿಯಂನಂಥ ಕ್ಷಾರಲೋಹಗಳ ವಿಡಿಯೊಗಳಲ್ಲಿ ಮಾತ್ರ ಎಚ್ಚರ ಬೇಕು. ಸೀಸಿಯಂ ಅನ್ನು ನೀರಿನ ತೊಟ್ಟಿಗೆ ಹಾಕಿದಾಗ ತೊಟ್ಟಿಯೇ ಛಿದ್ರವಾಗುವ ಒಂದು ಜನಪ್ರಿಯ ತುಣುಕು ಹಳೆಯ ಬ್ರಿಟಿಷ್ ಟಿವಿ ಕಾರ್ಯಕ್ರಮದ್ದು. ಅದು ಸ್ಫೋಟಕ ಇಟ್ಟು ಮಾಡಿದ ಕಣ್ಕಟ್ಟು ಎಂಬುದು ಆಮೇಲೆ ಬಯಲಾಯಿತು. ಅದನ್ನು ನಾನು ಕೆಲವು ವರ್ಷ ನಿಜವೆಂದೇ ತೋರಿಸಿದ್ದೇನೆ. ಇದಕ್ಕೆ ತೀರಾ ವಿರುದ್ಧವಾದ ಉದಾಹರಣೆಯೂ ಇದೇ ಲೋಹಗಳದ್ದು. ಸೋಡಿಯಂ ನೀರಿನಲ್ಲಿ ಸಿಡಿಯುವುದಕ್ಕೆ ಬಿಡುಗಡೆಯಾದ ಹೈಡ್ರೋಜನ್ ಹೊತ್ತಿಕೊಳ್ಳುವುದೇ ಕಾರಣ ಎಂದು ನಾವೆಲ್ಲ ಹೇಳಿಕೊಡುತ್ತೇವೆ. ಪ್ರಾಗ್ ನಗರದ ಪಾವೆಲ್ ಯುಂಗ್‌ವಿರ್ತ್, ಫಿಲಿಪ್ ಮೇಸನ್ ಮತ್ತು ಸಂಗಡಿಗರು ಸೋಡಿಯಂ–ಪೊಟ್ಯಾಶಿಯಂ ಮಿಶ್ರಲೋಹದ ದ್ರವಹನಿಯನ್ನು ನೀರಿಗೆ ಬಿಟ್ಟು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿದಾಗ, ಒಂದು ಮಿಲಿಸೆಕೆಂಡು ಕಳೆಯುವ ಮೊದಲೇ ಹನಿಯಿಂದ ಮುಳ್ಳುಗಳಂತೆ ಲೋಹ ಹೊರಚಿಮ್ಮುವುದು ಕಂಡಿತು. ಎಲೆಕ್ಟ್ರಾನುಗಳು ನೀರಿಗೆ ಹಾರಿಹೋಗಿ, ಹಿಂದೆ ಉಳಿದ ಧನ ಆವೇಶದ ಅಯಾನುಗಳು ಪರಸ್ಪರ ವಿಕರ್ಷಿಸಿ ಹನಿಯನ್ನು ಸೀಳುತ್ತವೆ ಎಂಬ ವಿವರಣೆಯನ್ನು ಅವರು 2015ರಲ್ಲಿ ನೇಚರ್ ಕೆಮಿಸ್ಟ್ರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರಾರು ವರ್ಷ ಎಲ್ಲರೂ ಕಣ್ಣಾರೆ ಕಂಡ ಪ್ರಯೋಗದಲ್ಲಿ ಯಾರಿಗೂ ಕಾಣದೆ ಉಳಿದದ್ದನ್ನು ಒಂದು ವಿಡಿಯೊ ಕಾಣಿಸಿತು. ಹತ್ತನೆಯ ತರಗತಿಗೆ ಇದು ಪಠ್ಯದಾಚೆಯದು, ಪರೀಕ್ಷೆಗೆ ಬರುವುದಿಲ್ಲ. ನಾನು ಎರಡೂ ವಿಭಾಗಗಳಲ್ಲಿ ತೋರಿಸಿದೆ.

ಅಣುಗಳ ಅನಿಮೇಶನ್ ರಾಸಾಯನಿಕ ಬಂಧದ ಪಾಠಕ್ಕೆ ಬೇಕೇ ಬೇಕು, ಏಕೆಂದರೆ ಅದನ್ನು ತೋರಿಸಲು ಬೇರೆ ದಾರಿಯಿಲ್ಲ. ಆದರೆ ಆಕ್ಸಿಜನ್ ಪರಮಾಣು ಕೆಂಪು, ಇಂಗಾಲ ಕಪ್ಪು ಎಂದು ಮಕ್ಕಳು ಉತ್ತರಪತ್ರಿಕೆಯಲ್ಲಿ ಗುಣಲಕ್ಷಣವಾಗಿ ಬರೆದದ್ದನ್ನು ನೋಡಿದ ಮೇಲೆ, ಒಂದೇ ಅಣುವನ್ನು ಎರಡು ಬೇರೆ ಬಣ್ಣಗಳಲ್ಲಿ ತೋರಿಸುವ ಎರಡು ಅನಿಮೇಶನ್‌ಗಳನ್ನು ಬೆನ್ನುಬೆನ್ನಿಗೆ ಹಾಕುತ್ತೇನೆ.

ಉದ್ದದ ಬಗ್ಗೆ ಒಂದು ಮಾತು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಒಂದು ಅಧ್ಯಯನ, ಆರು ನಿಮಿಷ ದಾಟಿದ ವಿಡಿಯೊಗಳನ್ನು ನೋಡುವವರು ನಡುವೆಯೇ ಬಿಟ್ಟು ಹೋಗುತ್ತಾರೆ ಎಂದು ಕಂಡಿತ್ತು. ತರಗತಿಯಲ್ಲಿ ಮಕ್ಕಳು ಎದ್ದು ಹೋಗಲಾರರು, ಆದ್ದರಿಂದ ಕಣ್ಣು ತೆರೆದುಕೊಂಡೇ ಬಿಟ್ಟು ಹೋಗುತ್ತಾರೆ. ನನ್ನ ಅನುಭವದಲ್ಲಿ ಆರು ನಿಮಿಷವೂ ಹೆಚ್ಚೇ. ಮೂರು ನಿಮಿಷದೊಳಗೆ ಒಮ್ಮೆಯಾದರೂ ನಿಲ್ಲಿಸದ ವಿಡಿಯೊವನ್ನು ನಾನು ಈಗ ತೋರಿಸುವುದಿಲ್ಲ.

ಜೂನ್‌ನಲ್ಲಿ ಪೆನ್‌ಡ್ರೈವ್‌ನಲ್ಲಿ ಇದ್ದ ಎಪ್ಪತ್ತಕ್ಕೂ ಹೆಚ್ಚು ವಿಡಿಯೊಗಳಲ್ಲಿ ಈಗ ಉಳಿದಿರುವುದು ಹತ್ತೊಂಬತ್ತು, ಅವುಗಳಲ್ಲಿ ಆರು ನಮ್ಮ ಮಕ್ಕಳೇ ತೆಗೆದವು. ಕನ್ನಡ ವಿವರಣೆಯ ಪಾಠಗಳನ್ನು ನಾನು ಕೈಬಿಟ್ಟಿಲ್ಲ, ಅವನ್ನು ತರಗತಿಯಿಂದ ಹೊರಗೆ ಕಳಿಸಿದ್ದೇನೆ: ಗೈರುಹಾಜರಾದವರಿಗೆ, ಹತ್ತಿ ಬಿಡಿಸುವ ಕಾಲದಲ್ಲಿ ವಾರಗಟ್ಟಲೆ ಬರದವರಿಗೆ, ಪರೀಕ್ಷೆಯ ಹಿಂದಿನ ದಿನ ಮತ್ತೊಮ್ಮೆ ಕೇಳಬೇಕೆನ್ನುವವರಿಗೆ ಅವುಗಳಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. ಈ ವರ್ಷದ ಶಾಲಾ ಅನುದಾನದಲ್ಲಿ ಸ್ಮಾರ್ಟ್ ಕ್ಲಾಸಿಗೆ ಇನ್ನೊಂದು ಜೊತೆ ಸ್ಪೀಕರ್ ತರಿಸಲೇ ಎಂದು ನಮ್ಮ ಮುಖ್ಯ ಗುರುಗಳು ಕೇಳಿದಾಗ ನಾನು ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: ನಾಲ್ಕು ಕಿಟಕಿಗೆ ದಪ್ಪನೆಯ ಕಪ್ಪು ಪರದೆ, ಫೋನು ನಿಲ್ಲಿಸಲು ಒಂದು ಸ್ಟ್ಯಾಂಡ್, ಎರಡು ಡಜನ್ ಟಾರ್ಚ್ ಬಲ್ಬು, ಒಂದು ಕಿಲೋ ಸುಣ್ಣದ ಹರಳು.